ಗುಳಿಗೆ ಚೀಟಿಯ ಭಾಷೆ

ನಿಲಂಗಾ ತಾಲೂಕಿನ ಹಳ್ಳಿಯೊಂದರಲ್ಲಿರುವ ನನ್ನ ಸೋದರತ್ತೆಗೆ ಥೈರಾಯ್ಡ್ ತೊಂದರೆ. ವೈದ್ಯರು ಗುಳಿಗೆ ಬರೆದುಕೊಟ್ಟು ‘ಉಪಾಶೀ ಪೋಟೀ ಘ್ಯಾ’ ಎಂದರು. ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳಿ ಎಂದರ್ಥ. ಮನೆಯೊಳಗೆ ಕನ್ನಡವನ್ನೇ ಆಡುತ್ತ ಎಪ್ಪತ್ತು ದಾಟಿದ ಅತ್ತೆಯ ಕಿವಿಗೆ ಬಿದ್ದದ್ದು ‘ಉಪಾಸ’. ಸೋಮವಾರದ ಉಪವಾಸದಂದಷ್ಟೇ ಗುಳಿಗೆ ನುಂಗುತ್ತ ಅವರು ನಾಲ್ಕು ತಿಂಗಳು ಕಳೆದರು. ಮುಖ ಬಾತು, ಮೈ ಸೋತು ಹಾಸಿಗೆ ಹಿಡಿದಾಗ ಉಳಿದ ಗುಳಿಗೆಗಳನ್ನು ಎಣಿಸಿ ನೋಡಿದೆ, ಸಂಗತಿ ಬಯಲಾಯಿತು.

ಗ್ರಾಮೀಣ ಆರೋಗ್ಯವೆಂದೊಡನೆ ನಾವು ಕಟ್ಟಡ, ಖಾಲಿ ಹುದ್ದೆ, ಆಂಬುಲೆನ್ಸ್‌ಗಳನ್ನು ಕುರಿತು ಮಾತನಾಡುತ್ತೇವೆ. ಅವೆಲ್ಲವೂ ಬೇಕು. ಬಯಲುಸೀಮೆಯಲ್ಲಿ 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನರಿಗೊಂದು ಉಪಕೇಂದ್ರ ಇರಬೇಕೆಂಬುದು ಸರಕಾರದ್ದೇ ಮಾನದಂಡ. ಆದರೆ ವೈದ್ಯರಿಂದ ರೋಗಿಗೆ ಚಿಕಿತ್ಸೆ ತಲುಪುವ ಕೊನೆಯ ಮೆಟ್ಟಿಲು ಮಾತು. 1956ರ ನವೆಂಬರ್ 1ರವರೆಗೆ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ಬಳಿಕ ಗಡಿ ಸರಿಯಿತು, ಮನೆಮಾತು ಸರಿಯಲಿಲ್ಲ.

ಈ ವಿಷಯದಲ್ಲಿ ನಾವು ನಿರಾಧಾರರಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದು, ರೋಗದ ಸ್ವರೂಪವನ್ನೂ ಚಿಕಿತ್ಸೆಯನ್ನೂ ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆನ್ನುತ್ತದೆ. ತಾಯ್ನುಡಿಯ ಪ್ರಾಥಮಿಕ ಶಿಕ್ಷಣದ ಕುರಿತ ಸಂವಿಧಾನದ 350-ಎ ವಿಧಿ ನಮ್ಮ ಶಾಲೆಗಳ ಪಾಲಕರಿಗೆ ಪರಿಚಿತ. ಅದರ ಹಿಂದಿನ 350ನೇ ವಿಧಿಯನ್ನೂ ಅವರು ಅರಿಯಬೇಕು: ಕುಂದುಕೊರತೆಯ ಅರ್ಜಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಸಲ್ಲಿಸಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕೆಂದು ಅದು ಹೇಳುವುದಿಲ್ಲ. ಆದುದರಿಂದ ಮರಾಠಿ ಅನುವಾದವನ್ನು ಲಗತ್ತಿಸುವುದು ಜಾಣತನ.

ಎರಡೂ ಭಾಷೆ ಬಲ್ಲ ನಮ್ಮ ಮಕ್ಕಳು ಇಂದು ದವಾಖಾನೆಗಳಲ್ಲಿ ದುಭಾಷಿಗಳಾಗಿದ್ದಾರೆ. ಚೀಟಿಯ ಮೇಲೆ ‘ದಿನಾಲೂ ಬೆಳಿಗ್ಗೆ, ಬರಿಹೊಟ್ಟೆಗೆ’ ಎಂದು ಕನ್ನಡದಲ್ಲಿ ಬರೆದುಕೊಡುವುದು ಅವರಿಂದ ಆಗುವ ದೊಡ್ಡ ಸೇವೆ. ಆದರೆ ಗರ್ಭಕೋಶದ ಬೇನೆಯನ್ನು ಅಜ್ಜಿ ಮೊಮ್ಮಗನೆದುರು ಹೇಗೆ ಹೇಳಿಯಾಳು? ಶಸ್ತ್ರಚಿಕಿತ್ಸೆಯ ಒಪ್ಪಿಗೆಪತ್ರದ ಹೊಣೆಯನ್ನು ಏಳನೆಯ ತರಗತಿಯ ಬಾಲಕನ ಮೇಲೆ ಹೊರಿಸುವುದು ನ್ಯಾಯವೂ ಅಲ್ಲ.

2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಸುಮಾರು ಸಾವಿರ ಜನರಿಗೊಬ್ಬ ಆಶಾ ಕಾರ್ಯಕರ್ತೆಯನ್ನು ಕೊಟ್ಟಿತು. ಆಕೆ ಅದೇ ಊರಿನವಳಾಗಿರಬೇಕೆಂಬುದು ನಿಯಮ. ಕನ್ನಡಿಗರು ಹೆಚ್ಚಿರುವ ಊರುಗಳಲ್ಲಿ ಆಕೆಗೆ ಕನ್ನಡವೂ ಬರಬೇಕು, ಉಪಕೇಂದ್ರದಲ್ಲಿ ಕನ್ನಡದ ಸೂಚನಾ ಫಲಕವಿರಬೇಕು ಎಂಬ ಎರಡು ಬೇಡಿಕೆಗಳನ್ನು ಗ್ರಾಮಸಭೆಯಲ್ಲಿಡೋಣ. ಉಮರ್ಗಾ, ನಿಲಂಗಾ, ಉದಗೀರಗಳ ತಾಲೂಕು ಆರೋಗ್ಯಾಧಿಕಾರಿಗಳಿಗೂ ಕನ್ನಡದಲ್ಲಿಯೇ ಅರ್ಜಿ ಬರೆಯೋಣ. ಇದು ಮರಾಠಿಯೊಡನೆ ಜಗಳವಲ್ಲ. ವೈದ್ಯರ ಶ್ರಮ ವ್ಯರ್ಥವಾಗಬಾರದೆಂಬ ವಿನಂತಿ.

ಅತ್ತೆಯ ಗುಳಿಗೆ ಡಬ್ಬಿಯ ಮೇಲೆ ಈಗ ನನ್ನ ಮಗಳು ಕನ್ನಡದಲ್ಲಿ ಬರೆದ ಚೀಟಿ ಅಂಟಿದೆ. ಅವರಿಗೆ ಓದು ಬಾರದು. ಆದುದರಿಂದ ಪಕ್ಕದಲ್ಲೊಂದು ಮೂಡುವ ಸೂರ್ಯನ ಚಿತ್ರವೂ ಇದೆ.