ಕಾರನ್ನು ನಾಲ್ಕು ಸೆಂಟಿಮೀಟರ್ ಇಳಿಸಿದರೆ

ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೊರಟರೆ ಸುಮಾರು 35 ಕಿ.ಮೀ. ದೂರದಲ್ಲಿ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ನನ್ನ ಅಕ್ಕನ ಮಗ ಅಲ್ಲಿಗೆ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕ. ದಿನಾಲೂ ಕಲಬುರಗಿಯಿಂದ ಹೋಗಿಬರುತ್ತಾನೆ. ಅದಕ್ಕಾಗಿ ಹಳೆಯ ಸೆಡಾನ್ ಕಾರೊಂದನ್ನು ಕೊಂಡ. ಕೊಂಡ ಮೂರನೆಯ ತಿಂಗಳಲ್ಲಿ ಅದರ ಸ್ಪ್ರಿಂಗುಗಳನ್ನು ತೆಗೆಸಿ, ಕಾರನ್ನು ನೆಲಕ್ಕೆ ಹತ್ತಿರ ತರುವ ಗಿಡ್ಡ ಸ್ಪ್ರಿಂಗುಗಳನ್ನು ಹಾಕಿಸಿಕೊಂಡು ಬಂದ. "ಮಾಮಾ, ತಿರುವಿನ್ಯಾಗ ಗಾಡಿ ಈಗ ವಾಲಂಗಿಲ್ಲ ನೋಡ್ರಿ" ಎಂದು ಸಂತೋಷದಿಂದ ತೋರಿಸಿದ. ವಾಲುತ್ತಿರಲಿಲ್ಲ, ನಿಜ. ಆದರೆ ಮುಂದಿನ ಕೆಲವು ತಿಂಗಳಲ್ಲಿ ಆ ಕಾರು ನನಗೆ ಸರಳ ಸಂಗತ ಚಲನೆಯ ಒಂದು ಪೂರ್ಣ ಅಧ್ಯಾಯವನ್ನೇ ಒದಗಿಸಿತು. ಪಿಯುಸಿ ತರಗತಿಯಲ್ಲಿ ಸ್ಪ್ರಿಂಗಿನ ಲೆಕ್ಕ ಮಾಡಿಸುವ ಅಧ್ಯಾಪಕರಿಗೆ ಇದು ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಭಾಗಗಳ ಪರಿಚಯ. ಇಂದಿನ ಬಹುತೇಕ ಸಣ್ಣ ಕಾರುಗಳ ಮುಂದಿನ ಚಕ್ರಗಳಲ್ಲಿ ಇರುವುದು ಸ್ಟ್ರಟ್ ಎಂಬ ಜೋಡಣೆ. ಎಣ್ಣೆ ತುಂಬಿದ ಒಂದು ಕೊಳವೆ, ಅದರೊಳಗೆ ರಂಧ್ರಗಳುಳ್ಳ ಪಿಸ್ಟನ್, ಹೊರಗೆ ಸುತ್ತಿಕೊಂಡ ಸುರುಳಿ ಸ್ಪ್ರಿಂಗ್. ಇದನ್ನು ರೂಪಿಸಿದ ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರನ ಹೆಸರೇ ಅದಕ್ಕೆ ಉಳಿದಿದೆ. 1950ರಲ್ಲಿ ಬಂದ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್ ಮತ್ತು ಜೆಫಿರ್ ಕಾರುಗಳಿಂದ ಅದು ಹೆಚ್ಚು ಪ್ರಚಾರಕ್ಕೆ ಬಂತು. ನಮ್ಮಲ್ಲಿ 1983ರ ಮಾರುತಿ 800 ಅದನ್ನು ಮನೆಮನೆಗೆ ತಂದಿತು. ಸ್ಪ್ರಿಂಗಿನ ಕೆಲಸ ಭಾರ ಹೊರುವುದು ಮತ್ತು ರಸ್ತೆಯ ಪೆಟ್ಟನ್ನು ಶಕ್ತಿಯಾಗಿ ಕೂಡಿಟ್ಟುಕೊಳ್ಳುವುದು. ಆ ಶಕ್ತಿಯನ್ನು ಉಷ್ಣವಾಗಿ ಕರಗಿಸುವುದು ಎಣ್ಣೆಯ ಕೊಳವೆ. ಮೆಕ್ಯಾನಿಕರ ಬಾಯಲ್ಲಿ ಇದು 'ಶಾಕಪ್'. ಪೆಟ್ಟನ್ನು ಹೀರುವುದು ಇದೇ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ಪೆಟ್ಟು ತಿನ್ನುವುದು ಸ್ಪ್ರಿಂಗ್. ಇದು ನಿಲ್ಲಿಸುವುದು ಆನಂತರದ ಕುಣಿತವನ್ನು.

ಸುರುಳಿ ಸ್ಪ್ರಿಂಗಿನ ಸ್ಥಿರಾಂಕವನ್ನು ಕಂಡುಹಿಡಿಯುವ ಸೂತ್ರ ನಿಮಗೆ ಗೊತ್ತಿರಬಹುದು. ಉಕ್ಕಿನ ದೃಢತಾ ಗುಣಾಂಕವನ್ನು ತಂತಿಯ ವ್ಯಾಸದ ನಾಲ್ಕನೆಯ ಘಾತದಿಂದ ಗುಣಿಸಿ, ಸುರುಳಿಯ ವ್ಯಾಸದ ಘನ ಮತ್ತು ಸುತ್ತುಗಳ ಸಂಖ್ಯೆಯ ಎಂಟುಪಟ್ಟಿನಿಂದ ಭಾಗಿಸಬೇಕು. ಅಳಿಯನ ಕಾರಿನಿಂದ ತೆಗೆದ ಹಳೆಯ ಸ್ಪ್ರಿಂಗನ್ನು ನಮ್ಮ ಪ್ರಯೋಗಾಲಯಕ್ಕೆ ತರಿಸಿ ಅಳೆದೆ. ಹತ್ತಿರದ ಪೂರ್ಣಾಂಕಗಳಲ್ಲಿ ಹೇಳುವುದಾದರೆ, ತಂತಿ 12 ಮಿ.ಮೀ. ದಪ್ಪ, ಸುರುಳಿಯ ಸರಾಸರಿ ವ್ಯಾಸ 12 ಸೆಂ.ಮೀ., ಕೆಲಸ ಮಾಡುವ ಸುತ್ತುಗಳು ಐದು. ದೃಢತಾ ಗುಣಾಂಕವನ್ನು 80 ಗಿಗಾಪಾಸ್ಕಲ್ ಎಂದು ಹಿಡಿದರೆ ಸ್ಥಿರಾಂಕ ಮೀಟರಿಗೆ 24,000 ನ್ಯೂಟನ್. ಹೊಸ ಸ್ಪ್ರಿಂಗಿನ ತಂತಿ 13 ಮಿ.ಮೀ. ಒಂದೇ ಒಂದು ಮಿಲಿಮೀಟರ್ ಹೆಚ್ಚು! ಆದರೆ ನಾಲ್ಕನೆಯ ಘಾತದ ಮಹಿಮೆ ನೋಡಿ: ಸ್ಥಿರಾಂಕ 33,000ಕ್ಕೆ ಏರಿತು, ಅಂದರೆ ಶೇಕಡಾ 38ರಷ್ಟು ಗಡಸು.

ಈ ಕಾರಿನ ಚಕ್ರಗಳ ಮೇಲೆ ಕುಳಿತಿರುವ ರಾಶಿ 1,200 ಕಿ.ಗ್ರಾಂ. ಇರಲಿ, ಅದು ನಾಲ್ಕೂ ಚಕ್ರಗಳಿಗೆ ಸಮನಾಗಿ ಹಂಚಿರಲಿ. (ನಿಜದಲ್ಲಿ ಎಂಜಿನ್ ಇರುವ ಮುಂಭಾಗಕ್ಕೆ ಹೆಚ್ಚು ಪಾಲು.) ಒಂದು ಚಕ್ರಕ್ಕೆ 300 ಕಿ.ಗ್ರಾಂ., ಅಂದರೆ 2,940 ನ್ಯೂಟನ್. ಈ ಭಾರಕ್ಕೆ ಹಳೆಯ ಸ್ಪ್ರಿಂಗ್ 12.25 ಸೆಂ.ಮೀ. ಕುಸಿಯುತ್ತದೆ, ಹೊಸದು 8.9 ಸೆಂ.ಮೀ. ಮಾತ್ರ.

ಇಲ್ಲಿ ಸ್ವಲ್ಪ ನಿಲ್ಲಿ. ಗಡಸು ಸ್ಪ್ರಿಂಗ್ ಕಡಿಮೆ ಕುಸಿಯುವುದಾದರೆ ಕಾರು ಮೇಲೇರಬೇಕಲ್ಲವೆ? ಹೌದು, ಎರಡರ ಮೂಲ ಉದ್ದ ಒಂದೇ ಆಗಿದ್ದರೆ ಕಾರು 3 ಸೆಂ.ಮೀ.ಗಿಂತ ಹೆಚ್ಚು ಎತ್ತರಕ್ಕೆ ಏರುತ್ತಿತ್ತು. ಅದನ್ನು 4 ಸೆಂ.ಮೀ. ಇಳಿಸಬೇಕಾದರೆ ಹೊಸ ಸ್ಪ್ರಿಂಗಿನ ಮೂಲ ಉದ್ದವನ್ನು ಎರಡೂ ಸೇರಿಸಿ 7 ಸೆಂ.ಮೀ.ಗೂ ಹೆಚ್ಚು ಗಿಡ್ಡ ಮಾಡಬೇಕು. ಈ ಪ್ರಶ್ನೆಯನ್ನು ನಾನು ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಕೇಳಿದಾಗ ಹೆಚ್ಚಿನವರು 4 ಎಂದೇ ಉತ್ತರಿಸಿದರು.

ಈ ಗಿಡ್ಡತನವೇ ಮೊದಲ ತೊಂದರೆಗೆ ಮೂಲ. ಅಳಿಯ ಸ್ಪ್ರಿಂಗ್ ಮಾತ್ರ ಬದಲಿಸಿದ್ದ, ಸ್ಟ್ರಟ್ ಹಳೆಯದೇ. ವಾರದೊಳಗೆ "ಕುಣಿ ಬಿದ್ದಲ್ಲೆಲ್ಲ ಮುಂದಗಡೆ ಖಟ್ ಖಟ್ ಅಂತದ" ಎಂದು ದೂರು ತಂದ. ಚಕ್ರ ಕುಣಿಗೆ ಇಳಿದಾಗ ಸ್ಟ್ರಟ್ ನೀಳವಾಗುತ್ತದೆ. ನಿಂತ ಸ್ಥಿತಿಯಿಂದ ಮೊದಲು ಅದು 8 ಸೆಂ.ಮೀ. ಚಾಚಬಲ್ಲದಾಗಿತ್ತು ಎನ್ನಿ. ಆಗ ಸ್ಪ್ರಿಂಗ್ 12.25 ಸೆಂ.ಮೀ. ಅದುಮಿಕೊಂಡಿದ್ದರಿಂದ ಪೂರ್ತಿ ಚಾಚಿದರೂ ಬಿಗಿಯಾಗಿಯೇ ಉಳಿಯುತ್ತಿತ್ತು. ಈಗ ಕಾರು ಇಳಿದು ಸ್ಟ್ರಟ್ 4 ಸೆಂ.ಮೀ. ಒಳಸರಿದಿದೆ. ಹಾಗಾಗಿ ಚಾಚಲು 12 ಸೆಂ.ಮೀ. ಅವಕಾಶ. ಸ್ಪ್ರಿಂಗ್ ಅದುಮಿಕೊಂಡಿರುವುದೋ 8.9 ಮಾತ್ರ. ಉಳಿದ 3 ಸೆಂ.ಮೀ.ನಲ್ಲಿ ಸ್ಪ್ರಿಂಗ್ ತನ್ನ ಬಟ್ಟಲಿನಲ್ಲಿ ಸಡಿಲವಾಗಿ ಕೂರುತ್ತದೆ, ಚಕ್ರ ಮತ್ತೆ ಮೇಲೆ ಬಂದಾಗ ಖಟ್ ಎಂದು ಸೇರಿಕೊಳ್ಳುತ್ತದೆ. ಜಾಗ ತಪ್ಪಿ ಸೇರಿಕೊಂಡರೆ ಅಪಾಯ. ಕಡಿಮೆ ಚಾಚುವ ಗಿಡ್ಡ ಸ್ಟ್ರಟ್ ಜೊತೆಗೇ ಬೇಕೆನ್ನುವುದು ಇದಕ್ಕಾಗಿ. ಅಂಗಡಿಯವರ ವ್ಯಾಪಾರದ ಮಾತಲ್ಲ. ಹಳೆಯ ಸ್ಪ್ರಿಂಗಿನ ಒಂದು ಸುತ್ತನ್ನು ಕತ್ತರಿಸಿ ಕಾರು ಇಳಿಸುವವರಿದ್ದಾರೆ. ಐದು ಸುತ್ತು ನಾಲ್ಕಾದರೆ ಸ್ಥಿರಾಂಕ ಕಾಲುಪಾಲು ಹೆಚ್ಚುತ್ತದೆ, ಸೂತ್ರ ಒಪ್ಪುತ್ತದೆ. ಆದರೆ ಕತ್ತರಿಸಿದ ತುದಿ ಬಟ್ಟಲಿನಲ್ಲಿ ಸರಿಯಾಗಿ ಕೂರುವುದಿಲ್ಲ, ಗ್ಯಾಸ್ ಕಟರಿನ ಬೆಂಕಿ ಉಕ್ಕಿನ ಹದವನ್ನೂ ಕೆಡಿಸುತ್ತದೆ. ಇದನ್ನು ಯಾರೂ ಮಾಡಬಾರದು.

ಸ್ಟ್ರಟ್ ಬದಲಿಸಲು ಮಾರುಕಟ್ಟೆಯ ಬೇರೆ ತಯಾರಕರ ಜೋಡಿಯೊಂದನ್ನು ತಂದ. ಅದರ ಅವಮಂದನವೂ ಹೆಚ್ಚು. ಅದು ಏಕೆ ಬೇಕು? ನಿರ್ಣಾಯಕ ಅವಮಂದನವು ರಾಶಿ ಮತ್ತು ಸ್ಥಿರಾಂಕಗಳ ಗುಣಲಬ್ಧದ ವರ್ಗಮೂಲವನ್ನು ಅವಲಂಬಿಸಿದೆ. ಹಳೆಯ ಜೋಡಣೆಯಲ್ಲಿ ಅವಮಂದನದ ಅನುಪಾತ 0.25 ಇದ್ದರೆ ಒಂದು ಆಂದೋಲನದ ನಂತರ ಪಾರದ ಐದನೆಯ ಒಂದು ಭಾಗ ಉಳಿಯುತ್ತದೆ. ಅದೇ ಶಾಕಪ್ ಗಡಸು ಸ್ಪ್ರಿಂಗಿನೊಂದಿಗೆ 0.21ರ ಅನುಪಾತ ಕೊಡುತ್ತದೆ, ಉಳಿಯುವುದು ನಾಲ್ಕನೆಯ ಒಂದು ಭಾಗ. ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ. ಆದರೆ ಸವೆದು ಅರ್ಧ ಬಲ ಕಳೆದುಕೊಂಡ ಶಾಕಪ್ ಆದರೆ ಅರ್ಧ ಪಾರ ಉಳಿದುಬಿಡುತ್ತದೆ. ಕಾರು ಕುಣಿಯುತ್ತಲೇ ಇರುತ್ತದೆ.

ಶಾಕಪ್ ಬಿಚ್ಚುವ ಆಸೆಯುಳ್ಳ ವಿದ್ಯಾರ್ಥಿಗಳಿಗೆ ಒಂದು ಮಾತು. ಕಳಚಿದ ಸ್ಟ್ರಟ್‌ನಲ್ಲೂ ಹಳೆಯ ಸ್ಪ್ರಿಂಗ್ 4.25 ಸೆಂ.ಮೀ. ಅದುಮಿಕೊಂಡೇ ಇರುತ್ತದೆ. ಅದರ ಬಲ 1,000 ನ್ಯೂಟನ್‌ಗೂ ಹೆಚ್ಚು. ಒಂದು ಕ್ವಿಂಟಾಲ್ ಜೋಳದ ಚೀಲದ ಭಾರ! ಸ್ಪ್ರಿಂಗ್ ಹಿಡಿಯುವ ಸಾಧನವಿಲ್ಲದೆ ಮೇಲಿನ ನಟ್ ಬಿಚ್ಚಿದರೆ ಅದು ಮುಖಕ್ಕೇ ಸಿಡಿಯುತ್ತದೆ.

ಈಗ ಆವೃತ್ತಿಯ ವಿಚಾರ. ಸ್ಪ್ರಿಂಗಿನ ಮೇಲೆ ಕುಳಿತ ರಾಶಿಯ ಸಹಜ ಆವೃತ್ತಿ ಕಂಡುಹಿಡಿಯಲು ರಾಶಿಯೂ ಬೇಡ, ಸ್ಥಿರಾಂಕವೂ ಬೇಡ. ಸ್ವಂತ ಭಾರಕ್ಕೆ ಎಷ್ಟು ಕುಸಿಯಿತು ಎಂಬುದು ಸಾಕು. ಕುಸಿತವನ್ನು ಸೆಂಟಿಮೀಟರಿನಲ್ಲಿ ಅಳೆದು, ಅದರ ವರ್ಗಮೂಲದಿಂದ 5ನ್ನು ಭಾಗಿಸಿದರೆ ಆವೃತ್ತಿ ಹರ್ಟ್ಸ್‌ನಲ್ಲಿ ಬರುತ್ತದೆ. ಕುಸಿತದಷ್ಟೇ ಉದ್ದದ ಸರಳ ಲೋಲಕದ ಆವೃತ್ತಿಯೂ ಅದೇ. ತರಗತಿಯಲ್ಲಿ ಸ್ಪ್ರಿಂಗಿಗೆ ತೂಕ ಕಟ್ಟಿ 16 ಸೆಂ.ಮೀ. ಇಳಿಸಿ, ಪಕ್ಕದಲ್ಲಿ 16 ಸೆಂ.ಮೀ. ಲೋಲಕವನ್ನು ತೂಗುಬಿಡಿ. ಎರಡೂ 20 ಆಂದೋಲನಗಳಿಗೆ 16 ಸೆಕೆಂಡು ತೆಗೆದುಕೊಳ್ಳುವುದನ್ನು ಮಕ್ಕಳು ಕೈಗಡಿಯಾರದಲ್ಲೇ ನೋಡಬಹುದು. (ಸ್ಪ್ರಿಂಗ್ ಹಗುರವಾಗಿರಲಿ.) ಅಳಿಯನ ಕಾರಿಗೆ ಇದನ್ನು ಅನ್ವಯಿಸಿದರೆ ಹಳೆಯ ಆವೃತ್ತಿ 1.43 ಹರ್ಟ್ಸ್, ಹೊಸದು 1.68. ಸೆಕೆಂಡಿಗೆ ಎರಡು ಹೆಜ್ಜೆಯಂತೆ ನಡೆಯುವ ನಮ್ಮ ದೇಹ ಇಂಥ ನಿಧಾನದ ಏರಿಳಿತಕ್ಕೆ ಒಗ್ಗಿಕೊಂಡಿದೆ. ಕುಳಿತ ಮನುಷ್ಯನಿಗೆ ಹೆಚ್ಚು ಹಿಂಸೆಯಾಗುವುದು 4ರಿಂದ 8 ಹರ್ಟ್ಸ್‌ನ ನಡುವೆ. ಆದ್ದರಿಂದ ಕೇವಲ ಆವೃತ್ತಿಯನ್ನು ನೋಡಿದರೆ ಹೊಸ ಸ್ಪ್ರಿಂಗನ್ನು ದೂರುವಂತಿಲ್ಲ.

ನಮ್ಮ ಭಾಗದ ರಸ್ತೆಗಳಿಗೆ ಮಾತ್ರ ಒಂದು ವಿಶೇಷವಿದೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಕ್ರಮೇಣ ಅಲೆಅಲೆಯಾಗುವುದುಂಟು. 12 ಮೀಟರಿಗೊಂದು ಉಬ್ಬು ಇದ್ದರೆ ಹಳೆಯ ಸ್ಪ್ರಿಂಗಿನ ಕಾರು ಗಂಟೆಗೆ 62 ಕಿ.ಮೀ. ವೇಗದಲ್ಲಿ ಅನುರಣನೆಗೆ ಸಿಲುಕುತ್ತದೆ, ಹೊಸದು 72ರಲ್ಲಿ. ಹೆದ್ದಾರಿಯಲ್ಲಿ ನಾವು ಸಾಮಾನ್ಯವಾಗಿ ಹೋಗುವ ವೇಗ ಯಾವುದು, ಹೇಳಿ.

ಉಬ್ಬು ಮೊದಲು ಮುಂಚಕ್ರಕ್ಕೆ, ಆಮೇಲೆ ಹಿಂಚಕ್ರಕ್ಕೆ ಸಿಗುತ್ತದೆ ಎಂಬುದನ್ನೂ ಮರೆಯಬಾರದು. 1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿದ್ದ ಮಾರಿಸ್ ಆಲಿ ಎಂಬ ಎಂಜಿನಿಯರ್ ಕಾರೊಂದಕ್ಕೆ ತೂಕಗಳನ್ನು ಕಟ್ಟಿ, ಅತ್ತಿತ್ತ ಸರಿಸಿ, ಕುಳಿತು ನೋಡಿ, ಹಿಂಭಾಗದ ಆವೃತ್ತಿ ಮುಂಭಾಗಕ್ಕಿಂತ ತುಸು ಹೆಚ್ಚಿರಬೇಕೆಂದು ಕಂಡುಕೊಂಡ. ಆಗ ತಡವಾಗಿ ಹೊರಟ ಹಿಂಭಾಗ ಮುಂಭಾಗದ ಹೆಜ್ಜೆಯನ್ನು ಹಿಡಿಯುತ್ತದೆ, ಕಾರು ತೊಟ್ಟಿಲಿನಂತೆ ತೂಗುವುದಿಲ್ಲ. ಮುಂದಿನ ಎರಡು ಸ್ಪ್ರಿಂಗ್ ಮಾತ್ರ ಬದಲಿಸಿ ದುಡ್ಡು ಉಳಿಸುವವರು ಈ ಏರ್ಪಾಡನ್ನೇ ತಲೆಕೆಳಗು ಮಾಡಿರುತ್ತಾರೆ.

ಇಷ್ಟಾದ ಮೇಲೆ ಕಮಲಾಪುರದ ಮದುವೆ. ಕಾರಿನಲ್ಲಿ ಅಕ್ಕ, ನನ್ನ ಹೆಂಡತಿ ಸೇರಿ ಐದು ಜನ, ಡಿಕ್ಕಿಯಲ್ಲಿ ಸಾಮಾನು. ಎಲ್ಲ ಸೇರಿ ಸುಮಾರು 390 ಕಿ.ಗ್ರಾಂ. ಹೋಗುವಾಗ ಏನೂ ಆಗಲಿಲ್ಲ. ರಾತ್ರಿ ಮರಳುವಾಗ ದಾರಿಯ ಹಳ್ಳಿಯೊಂದರ ಹಂಪ್ ಮೇಲೆ ಕೆಳಗಿನಿಂದ ದೊಡ್ಡ ಸದ್ದು ಬಂತು. ಸ್ವಲ್ಪ ದೂರದಲ್ಲಿ ಎಂಜಿನ್ ಎಣ್ಣೆಯ ಕೆಂಪು ದೀಪ ಹೊತ್ತಿತು. ಪುಣ್ಯಕ್ಕೆ ಅವನು ಆಗಲೇ ಎಂಜಿನ್ ಬಂದ್ ಮಾಡಿದ. ಎಣ್ಣೆಯ ತೊಟ್ಟಿ ಸೀಳಿ, ಎಣ್ಣೆಯೆಲ್ಲ ರಸ್ತೆಯ ಪಾಲಾಗಿತ್ತು. ಇನ್ನು ಕೆಲವು ನಿಮಿಷ ಓಡಿಸಿದ್ದರೆ ಎಂಜಿನ್ ಜಾಮ್ ಆಗುತ್ತಿತ್ತು. ಅಕ್ಕ ಆ ಕತ್ತಲಲ್ಲಿ ರಸ್ತೆಬದಿಯ ಕಲ್ಲಿನ ಮೇಲೆ ಎರಡು ಗಂಟೆ ಕುಳಿತಿದ್ದಳು.

ಲೆಕ್ಕ ಮಾಡಿ ನೋಡಿ. ಖಾಲಿ ಕಾರಿನ ಹೊಟ್ಟೆ ನೆಲದಿಂದ 17 ಸೆಂ.ಮೀ. ಮೇಲಿತ್ತು. ಪ್ರತಿ ಚಕ್ರಕ್ಕೆ 98 ಕಿ.ಗ್ರಾಂ. ಹೆಚ್ಚುವರಿ ಭಾರಕ್ಕೆ ಹಳೆಯ ಸ್ಪ್ರಿಂಗ್ 4 ಸೆಂ.ಮೀ. ಕುಸಿದು 13 ಉಳಿಸುತ್ತಿತ್ತು. ಹೊಸದು 2.9 ಮಾತ್ರ ಕುಸಿಯುತ್ತದೆ, ಆದರೆ ಮೊದಲೇ 4 ಇಳಿಸಿದ್ದರಿಂದ ಉಳಿದದ್ದು 10. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸೂಚಿಸಿದ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ್ದು, 17 ಮೀಟರ್ ತ್ರಿಜ್ಯದ ವೃತ್ತದ ತುಂಡು. (ಈ ಮೂರೂ ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ವಿದ್ಯಾರ್ಥಿಗಳಿಂದ ಪರೀಕ್ಷಿಸಿ.) ಎರಡೂ ಚಕ್ರಗಳು ಅದರ ಮೇಲೇ ಇರುವುದರಿಂದ, 2.5 ಮೀಟರ್ ಅಂತರದ ಚಕ್ರಗಳ ನಡುವೆ ಉಬ್ಬು ಎದ್ದು ತೋರುವುದು 4.6 ಸೆಂ.ಮೀ. ಮಾತ್ರ. ಅದನ್ನು ಇಳಿಸಿದ ಕಾರೂ ದಾಟೀತು. ಆದರೆ ಊರವರೇ ರಾತ್ರೋರಾತ್ರಿ ಕಟ್ಟಿದ ಎರಡಡಿ ಅಗಲದ ಹಂಪ್ ಚಕ್ರಗಳ ನಡುವೆ ತನ್ನ ಪೂರ್ತಿ ಎತ್ತರದಲ್ಲಿ ನಿಲ್ಲುತ್ತದೆ. ಅದು 12 ಸೆಂ.ಮೀ. ಇದ್ದರೆ ಹಳೆಯ ಕಾರು ಒಂದು ಸೆಂಟಿಮೀಟರಿನಲ್ಲಿ ಪಾರು, ಹೊಸದು ಎರಡು ಸೆಂಟಿಮೀಟರಿನಲ್ಲಿ ಸಿಕ್ಕಿಬಿತ್ತು.

ಇದಕ್ಕಿಂತ ಗಂಭೀರವಾದದ್ದು ಕಣ್ಣಿಗೆ ಕಾಣದ ಇನ್ನೊಂದು ಲೆಕ್ಕ. ಖಾಲಿ ಕಾರಿನಲ್ಲಿ ರಬ್ಬರ್ ತಡೆಗೆ ತಾಗುವ ಮೊದಲು ಚಕ್ರಕ್ಕೆ ಮೇಲೇರಲು 8 ಸೆಂ.ಮೀ. ಇತ್ತು. ಆ ದೂರದಲ್ಲಿ ಹಳೆಯ ಸ್ಪ್ರಿಂಗ್ ಅರಗಿಸಿಕೊಳ್ಳಬಲ್ಲ ಪೆಟ್ಟಿನ ಶಕ್ತಿ 77 ಜೂಲ್. ಇಳಿಸಿದ ಮೇಲೆ ಉಳಿದದ್ದು 4 ಸೆಂ.ಮೀ., ಶಕ್ತಿ 26 ಜೂಲ್. ಸ್ಪ್ರಿಂಗ್ ಗಡಸಾದರೂ ಅರಗಿಸುವ ಶಕ್ತಿ ಮೂರನೆಯ ಒಂದು ಭಾಗಕ್ಕೆ ಇಳಿಯಿತು, ಏಕೆಂದರೆ ಶಕ್ತಿಯ ಸೂತ್ರದಲ್ಲಿ ದೂರಕ್ಕೆ ವರ್ಗವಿದೆ, ಸ್ಥಿರಾಂಕಕ್ಕಿಲ್ಲ. ಅರ್ಧ ದೂರದಲ್ಲಿ ಹಳೆಯ 77 ಜೂಲ್ ಬೇಕಿದ್ದರೆ ಸ್ಥಿರಾಂಕ ನಾಲ್ಕು ಪಟ್ಟಾಗಬೇಕು, ಆಗ ಆವೃತ್ತಿ ಎರಡು ಪಟ್ಟು. ರೇಸ್ ಕಾರಿನವರು ಮಾಡುವುದು ಅದನ್ನೇ. ಅವರ ರಸ್ತೆ ನುಣುಪು, ಅವರ ಅಕ್ಕ ಹಿಂದಿನ ಸೀಟಿನಲ್ಲಿ ಕೂರುವುದಿಲ್ಲ. ಐದು ಜನ ಕುಳಿತ ಮೇಲಂತೂ ಹಳೆಯ ಸ್ಪ್ರಿಂಗಿಗೆ 4 ಸೆಂ.ಮೀ. ಮತ್ತು 19 ಜೂಲ್ ಉಳಿಯುತ್ತಿತ್ತು. ಹೊಸದಕ್ಕೆ ಉಳಿದದ್ದು 1.1 ಸೆಂ.ಮೀ., 2 ಜೂಲ್. ಆ ರಾತ್ರಿ ನಾವು ಸ್ಪ್ರಿಂಗಿನ ಮೇಲಲ್ಲ, ರಬ್ಬರಿನ ಮೇಲೆ ಪ್ರಯಾಣ ಮಾಡುತ್ತಿದ್ದೆವು.

ಹಾಗಾದರೆ ಲಾಭವೇ ಇಲ್ಲವೆ? ಇದೆ, ಚಿಕ್ಕದು. ಗುರುತ್ವ ಕೇಂದ್ರ 55 ಸೆಂ.ಮೀ.ನಿಂದ 51ಕ್ಕೆ ಇಳಿದರೆ, ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ಸರಿಯುವ ಭಾರ ಶೇಕಡಾ 7ರಷ್ಟು ತಗ್ಗುತ್ತದೆ. ಅಳಿಯನಿಗೆ ವಾಲುವುದು ನಿಂತಂತೆ ಅನಿಸಿದ್ದು ಬಹುಪಾಲು ಗಡಸು ಸ್ಪ್ರಿಂಗಿನಿಂದ, ಎತ್ತರದಿಂದಲ್ಲ. ಕಾನೂನಿನ ಕಡೆಯೂ ನೋಡಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಬದಲಾವಣೆಯನ್ನು ನಿರ್ಬಂಧಿಸುತ್ತದೆ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡು ಸಲ್ಲದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೈ ಹಾಕುವ ಮುನ್ನ ಆರ್‌ಟಿಓ ಕಚೇರಿಯಲ್ಲೂ ವಿಮೆಯವರಲ್ಲೂ ವಿಚಾರಿಸುವುದು ಲೇಸು.

ಅಳಿಯ ಈಗ ಹಳೆಯ ಉದ್ದದ ಸ್ಪ್ರಿಂಗುಗಳನ್ನೇ ಹಾಕಿಸಿದ್ದಾನೆ, ಸವೆದ ಸ್ಟ್ರಟ್‌ಗಳ ಜಾಗಕ್ಕೆ ತಯಾರಕರ ಅಳತೆಯ ಹೊಸ ಸ್ಟ್ರಟ್. ಚಕ್ರಗಳ ಅಲೈನ್‌ಮೆಂಟನ್ನೂ ಮಾಡಿಸಿದ. "ತಿರುವಿನ್ಯಾಗ ಸ್ವಲ್ಪ ವಾಲತದ ಮಾಮಾ, ಆದ್ರ ಅವ್ವ ಈಗ ಕೂಡ್ಲಿಕ್ಕೆ ಒಲ್ಲೆ ಅನ್ನಾಂಗಿಲ್ಲ" ಎಂದ. ಗಿಡ್ಡ ಸ್ಪ್ರಿಂಗುಗಳು ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿವೆ. ಮೊದಲ ವರ್ಷದ ವಿದ್ಯಾರ್ಥಿಗಳು ಅವುಗಳ ತಂತಿಯನ್ನು ಸ್ಕ್ರೂಗೇಜಿನಿಂದ ಅಳೆದು ಸ್ಥಿರಾಂಕ ಲೆಕ್ಕ ಹಾಕುತ್ತಾರೆ. ಅಳತೆಯಲ್ಲಿ ಶೇಕಡಾ 1ರ ದೋಷವಾದರೆ ಉತ್ತರದಲ್ಲಿ ಶೇಕಡಾ 4ರ ದೋಷ ಬರುವುದು ಏಕೆಂದು ಅವರಲ್ಲಿ ಒಬ್ಬರಾದರೂ ಪ್ರತಿ ವರ್ಷ ಕೇಳುತ್ತಾರೆ.