ಮುಕ್ತಾಯಕ್ಕ ಎಂಬ ಹೆಸರು

ಮಾಗಡಿ ಸೀಮೆಯ ಸದ್ಭಕ್ತರ ಮನೆಯೊಂದಕ್ಕೆ ಈಚೆಗೆ ತೊಟ್ಟಿಲ ಶಾಸ್ತ್ರಕ್ಕಾಗಿ ನಮ್ಮನ್ನು ಬರಮಾಡಿಕೊಂಡಿದ್ದರು. ಮೂರನೆಯ ಹೆಣ್ಣುಮಗು. ತೊಟ್ಟಿಲಿಗೆ ಚನ್ನಪಟ್ಟಣದ ಅರಗಿನ ಬಣ್ಣದ ಗಿಲಕಿ ಕಟ್ಟಿದ್ದರು. ನೆಂಟರಿಷ್ಟರಲ್ಲಿ ಯಾರಿಗೂ ಇಲ್ಲದ ಶಿವಶರಣೆಯ ಹೆಸರೊಂದನ್ನು ಸೂಚಿಸಬೇಕೆಂದು ಮಗುವಿನ ತಂದೆ ಕೇಳಿಕೊಂಡರು. ನಾವು 'ಮುಕ್ತಾಯಕ್ಕ' ಎಂದೆವು. ತರುಣರಿಗೆ ಹಿಡಿಸಿತು. ಗೋಡೆಗೊರಗಿ ಕುಳಿತಿದ್ದ ಮುತ್ತಜ್ಜಿಯವರ ಮುಖ ಮಾತ್ರ ಬಾಡಿತು. "ಬುದ್ಧೀ, ನನಗೂ ಹಿಂಗೇ ಇಟ್ಟಿದ್ರು. ಸಾಕು ಅಂದ್ರೂ ಒಂದೇ, ಮುಕ್ತಾಯ ಅಂದ್ರೂ ಒಂದೇ. ಈ ಕೂಸಿಗೆ ಬ್ಯಾಡಿ" ಎಂದರು.

ಹೆಣ್ಣುಮಕ್ಕಳು ಸಾಲಾಗಿ ಹುಟ್ಟಿದ ಮನೆಗಳಲ್ಲಿ ಕೊನೆಯವಳಿಗೆ 'ಸಾಕಮ್ಮ' ಎಂದು ಹೆಸರಿಡುವ ರೂಢಿ ಈ ಭಾಗದಲ್ಲಿ ಹಿಂದೆ ಇತ್ತು. ಆ ತಾಯಿಯ ಹೆಸರೂ ಅಂಥದೇ. 'ಸಾಕು' ಎಂಬುದಕ್ಕೆ ಸಲಹು ಎಂಬ ಅರ್ಥವೂ ಉಂಟೆಂದು ಪಂಡಿತರು ಸಮಾಧಾನ ಹೇಳಬಹುದು. ಬೆಂಗಳೂರಿನಲ್ಲಿ ಕಾಫಿಪುಡಿಯ ಉದ್ಯಮ ನಡೆಸಿ ಹೆಸರಾದ ಸಾಕಮ್ಮನವರನ್ನೂ ನೆನಪಿಸಬಹುದು. ಆದರೆ ತನ್ನ ಹುಟ್ಟು ಮನೆಯವರಿಗೆ ಬೇಡವಾಗಿತ್ತೆಂಬುದನ್ನು ಜೀವಮಾನವೆಲ್ಲ ತನ್ನ ಹೆಸರಿನಲ್ಲೇ ಕೇಳಿದವರಿಗೆ ನಿಘಂಟು ಯಾವ ಸಮಾಧಾನ ಕೊಟ್ಟೀತು?

ತಪ್ಪು ನಮ್ಮದೂ ಇತ್ತು. ಮಠದ ಪಾಠಶಾಲೆಯಲ್ಲಿ ಕಲಿತ ನಮಗೆ ಆ ಹೆಸರು ಬೇರೆ ರೀತಿ ಕೇಳಿಸುತ್ತದೆಯೆಂಬುದೇ ಹೊಳೆದಿರಲಿಲ್ಲ. ಅದು 'ಮುಕ್ತಾಯ' ಎಂಬ ಮಾತಲ್ಲ. ಮುಕ್ತಾಯಿ ಮತ್ತು ಅಕ್ಕ ಸೇರಿ ಆದುದು. ಸಂಧಿಯಲ್ಲಿ ಇಕಾರ ಲೋಪವಾಗಿ 'ಮುಕ್ತಾಯಕ್ಕ' ಎಂದಾಗಿದೆ. ಮುಕ್ತಾ ಎಂದರೆ ಮುತ್ತು, ಆಯಿ ಎಂದರೆ ತಾಯಿ. ಮಹಾರಾಷ್ಟ್ರದ ಸಂತ ಜ್ಞಾನೇಶ್ವರರ ತಂಗಿ ಮುಕ್ತಾಬಾಯಿಯವರ ಹೆಸರೂ ಇದೇ ಬಳಗದ್ದು. ಆದುದರಿಂದ 'ಮುಕ್ತಾಯ' ಎಂದು ಒಮ್ಮೆ ನಿಲ್ಲಿಸಿ 'ಅಕ್ಕ' ಎನ್ನಲಾಗದು. 'ಮುಕ್ತಾ' ಎಂದು ದೀರ್ಘವಾಗಿ ಎಳೆದು 'ಯಕ್ಕ' ಎಂದು ಕೂಡಿಸಬೇಕು.

ಮುತ್ತಜ್ಜಿಯವರಿಗೆ ಸಂಧಿಯ ಮಾತು ಬಿಟ್ಟು ಶರಣೆಯ ಕತೆಯನ್ನೇ ಹೇಳಿದೆವು. ಹನ್ನೆರಡನೆಯ ಶತಮಾನದ ಈ ತಾಯಿ ಲಕ್ಕುಂಡಿಯವಳೆಂದು ಪ್ರತೀತಿ. ಅಣ್ಣ ಅಜಗಣ್ಣನೇ ಆಕೆಗೆ ಗುರು. ಆತ ಭಕ್ತಿಯನ್ನು ಹೊರಗೆ ತೋರದ ಗುಪ್ತಭಕ್ತ. ಅವನು ಲಿಂಗೈಕ್ಯನಾದಾಗ ಶೋಕದಲ್ಲಿ ಮುಳುಗಿದ್ದ ತಂಗಿಯ ಬಳಿಗೆ ಅಲ್ಲಮಪ್ರಭುಗಳು ಬಂದರು. ಆಕೆ ಪ್ರಭುವಿನ ಮಾತಿಗೆ ಸುಮ್ಮನೆ ತಲೆದೂಗಲಿಲ್ಲ, ಎದುರು ಪ್ರಶ್ನೆ ಹಾಕಿದಳು. ಶೂನ್ಯಸಂಪಾದನೆಯಲ್ಲಿ ಆ ಸಂವಾದಕ್ಕೆ ಪ್ರತ್ಯೇಕ ಸ್ಥಾನವಿದೆ. ತನ್ನ ವಚನಗಳ ಅಂಕಿತದಲ್ಲಿಯೂ ಆಕೆ ಅಣ್ಣನ ಹೆಸರನ್ನೇ ಉಳಿಸಿದಳು. "ಪ್ರಭುಗಳಿಗೇ ಎದುರು ಮಾತಾಡಿದ್ಲಾ?" ಎಂದು ಮುತ್ತಜ್ಜಿ ನಕ್ಕರು.

ಈ ತಾಲ್ಲೂಕುಗಳ ಹೆಸರುಗಳಿಗೆ ಅವುಗಳದೇ ಸೊಗಸುಂಟು. ಕನಕಪುರದ ಕಡೆ ಕಬ್ಬಾಳಮ್ಮನ ಹೆಸರು. ಅವ್ವೇರಹಳ್ಳಿಯ ರೇವಣಸಿದ್ಧೇಶ್ವರ ಬೆಟ್ಟಕ್ಕೆ ನಡೆದುಕೊಳ್ಳುವ ಮನೆಗಳಲ್ಲಿ ರೇವಮ್ಮ, ರೇವಣ್ಣ. ಆಡುಮಾತಿನಲ್ಲಿ ಮಹಾಪ್ರಾಣ ನಿಲ್ಲದು, ಶಕಾರ ಸಕಾರವಾಗುತ್ತದೆ, ಶಾಂಭವಿ 'ಸಾಂಬವಿ'ಯಾಗುತ್ತಾಳೆ. ಇದನ್ನು ನಾವು ದೋಷವೆನ್ನೆವು. ಕ್ಲೋಸ್‌ಪೇಟೆ ರಾಮನಗರವಾಯಿತು, 2007ರಲ್ಲಿ ಜಿಲ್ಲಾಕೇಂದ್ರವಾಯಿತು, 2025ರಲ್ಲಿ ಆ ಜಿಲ್ಲೆಯೇ ಬೆಂಗಳೂರು ದಕ್ಷಿಣವಾಯಿತು. ಊರಿಗೇ ಇಷ್ಟು ಹೆಸರಾದ ಮೇಲೆ ಮಗುವಿನ ಹೆಸರು ಬಾಯಿಂದ ಬಾಯಿಗೆ ತುಸು ಸವೆಯುವುದರಲ್ಲಿ ಆಶ್ಚರ್ಯವೇನು?

ಕಾಗದದ ಮೇಲೆ ಮಾತ್ರ ಎಚ್ಚರ ಬೇಕು. ನಮ್ಮಲ್ಲಿ ತಕಾರಕ್ಕೆ ಇಂಗ್ಲಿಷಿನಲ್ಲಿ 'ಟಿಎಚ್' ಬರೆಯುವುದು ವಾಡಿಕೆ; ಉತ್ತರದವರು ಅದನ್ನು ಥಕಾರವಾಗಿ ಓದುತ್ತಾರೆ. ಬರಿಯ 'ಟಿ' ಬರೆದರೆ ಇಲ್ಲಿಯ ಶಾಲೆಯಲ್ಲಿ ಕೆಲವರು 'ಮುಕ್ಟಾ' ಎಂದಾರು. ಜನನವನ್ನು 21 ದಿನಗಳೊಳಗೆ ತಿಳಿಸಬೇಕು. ಹೆಸರಿಗೆ ಅವಸರವಿಲ್ಲ, ನೋಂದಣಿಯಾದ ಮೇಲೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶದಿಂದ ಮೊದಲುಗೊಂಡು ಜನನ ಪ್ರಮಾಣಪತ್ರವೇ ಆಧಾರ. ಆದುದರಿಂದ ಎರಡೂ ಲಿಪಿಯ ಅಕ್ಷರಗಳನ್ನು ಮನೆಯಲ್ಲಿಯೇ ಬರೆದು ನೋಡಿ ಒಯ್ಯುವುದು ಲೇಸು.

ಕೊನೆಗೆ ಆ ಮನೆಯವರು ಅಕ್ಕನನ್ನು ಬಿಟ್ಟು 'ಮುಕ್ತಾಯಿ' ಎಂದು ಗೊತ್ತುಮಾಡಿದರು. ಮಗುವಿನ ಕಿವಿಯಲ್ಲಿ ಮೊದಲು ಹೇಳಿದವರು ಮುತ್ತಜ್ಜಿಯವರೇ. ಮೂರು ಸಲವೂ 'ಯಿ'ಯನ್ನು ತುಸು ಎಳೆದೇ ಹೇಳಿದರು.