ಗರ್ಭದ ನೋವು, ತಾಯಿಯ ನೋವು ಮತ್ತು ಕಾಯಿದೆ

ಗರ್ಭಸ್ಥ ಶಿಶುವಿಗೆ ನೋವಿನ ಅರಿವು ಉಂಟೇ, ಉಂಟಾದರೆ ಎಷ್ಟನೆಯ ವಾರದಿಂದ ಉಂಟು, ಎಂಬ ಪ್ರಶ್ನೆಯು ವೈದ್ಯರ ಗೋಷ್ಠಿಯನ್ನು ಬಿಟ್ಟು ಶಾಸನಸಭೆಗಳ ಅಂಗಳಕ್ಕೆ ಇಳಿದು ಬಹಳ ದಿನಗಳಾದುವು. ಅಮೆರಿಕೆಯ ನೆಬ್ರಾಸ್ಕ ಸಂಸ್ಥಾನವು 2010ರಲ್ಲಿ, ಗರ್ಭಧಾರಣೆಯಿಂದ 20 ವಾರಗಳಾದ ಮೇಲೆ ಪಿಂಡಕ್ಕೆ ನೋವು ತಿಳಿಯುವುದೆಂಬ ಕಾರಣವನ್ನೇ ಮುಂದಿಟ್ಟು ಗರ್ಭಪಾತವನ್ನು ನಿಷೇಧಿಸಿತು. ಅನೇಕ ಸಂಸ್ಥಾನಗಳು ಅದೇ ಹಾದಿ ಹಿಡಿದುವು. ಯೂಟಾ ಸಂಸ್ಥಾನವು 2016ರಲ್ಲಿ, ಅಂತಹ ಸಂದರ್ಭದಲ್ಲಿ ಪಿಂಡಕ್ಕೂ ಅರಿವಳಿಕೆ ಕೊಡತಕ್ಕದ್ದೆಂದು ವೈದ್ಯರಿಗೆ ಕಟ್ಟಳೆ ಮಾಡಿತು. 2022ನೆಯ ಜೂನ್ 24ರಂದು ಅಲ್ಲಿಯ ಶ್ರೇಷ್ಠ ನ್ಯಾಯಾಲಯವು 1973ರ ತನ್ನ ತೀರ್ಪನ್ನು ತಾನೇ ಅಳಿಸಿಹಾಕಿದ ಮೇಲಂತೂ ಈ ವಿಷಯದಲ್ಲಿ ಒಂದೊಂದು ಸಂಸ್ಥಾನಕ್ಕೂ ಒಂದೊಂದು ನ್ಯಾಯವಾಗಿದೆ.

ಇದು ದೂರದೇಶದ ಗದ್ದಲ, ನಮಗೂ ಇದಕ್ಕೂ ಏನು ಸಂಬಂಧವೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಸಂಬಂಧವುಂಟು. ಇಂತಹದೇ ಒಂದು ದೂರದೇಶದ ಕಟ್ಟಳೆಗೆ ಸಿಕ್ಕಿ ಪ್ರಾಣ ಕಳೆದುಕೊಂಡವಳು ಬೆಳಗಾವಿಯ ಮಗಳು.

ಸವಿತಾ ಹಾಲಪ್ಪನವರ್ ಎಂಬ 31 ವರ್ಷದ ದಂತವೈದ್ಯೆಯು ಪತಿಯೊಡನೆ ಐರ್ಲೆಂಡಿನ ಗಾಲ್ವೆ ನಗರದಲ್ಲಿ ನೆಲಸಿದ್ದಳು. 2012ನೆಯ ಅಕ್ಟೋಬರ್ 21ರಂದು, 17 ವಾರಗಳ ಬಸುರಿಯಾಗಿದ್ದಾಗ, ಬೆನ್ನುನೋವೆಂದು ಆಸ್ಪತ್ರೆಗೆ ಹೋದಳು. ಗರ್ಭ ನಿಲ್ಲುವುದಿಲ್ಲವೆಂದು ವೈದ್ಯರೇ ತಿಳಿಸಿದರು, ನೆತ್ತಿನೀರೂ ಒಡೆಯಿತು. ಉಳಿಯಲಾರದ ಗರ್ಭವನ್ನು ತೆಗೆದುಬಿಡಿರೆಂದು ದಂಪತಿಗಳು ಕೇಳಿಕೊಂಡರು. ಪಿಂಡದ ಎದೆಬಡಿತ ಕೇಳಿಸುವವರೆಗೆ ಕೈಹಾಕಲು ಕಾನೂನಿನ ಅಡ್ಡಿಯಿದೆಯೆಂಬ ಉತ್ತರ ಬಂದಿತು. ಇದು ಕ್ಯಾಥೊಲಿಕ್ ದೇಶವೆಂಬ ಮಾತನ್ನು ತಾನು ಆಡಿದ್ದು ನಿಜವೆಂದು ಸೂಲಗಿತ್ತಿಯೊಬ್ಬಳು ಅನಂತರದ ವಿಚಾರಣೆಯಲ್ಲಿ ಒಪ್ಪಿಕೊಂಡಳು. ಆ ಎದೆಬಡಿತವು ನಿಲ್ಲುವ ಹೊತ್ತಿಗೆ ತಾಯಿಯ ರಕ್ತಕ್ಕೆ ನಂಜೇರಿತ್ತು. ಅಕ್ಟೋಬರ್ 28ರಂದು ಅವಳೂ ತೀರಿಕೊಂಡಳು. ನಂಜನ್ನು ಸಕಾಲದಲ್ಲಿ ಗುರುತಿಸದ ವೈದ್ಯಕೀಯ ಲೋಪಗಳು ವಿಚಾರಣೆಯಲ್ಲಿ ಹೊರಬಿದ್ದುವು. ಅದನ್ನು ಮರೆಮಾಚಿ ಎಲ್ಲವನ್ನೂ ಕಾಯಿದೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ವೈದ್ಯರ ಕೈಯನ್ನು ಮೂರು ದಿನ ಕಟ್ಟಿ ನಿಲ್ಲಿಸಿದ್ದು ಕಾಯಿದೆಯೇ ಎಂಬುದೂ ಅಷ್ಟೇ ನಿಜ.

ಆ ಕಾಯಿದೆಯಾದರೂ ಪ್ರಜೆಗಳು ಬಯಸಿ ತಂದುಕೊಂಡದ್ದು. 1983ರಲ್ಲಿ ಐರ್ಲೆಂಡಿನ ಮತದಾರರು, ತಾಯಿಯ ಜೀವಕ್ಕೂ ಗರ್ಭದ ಜೀವಕ್ಕೂ ಸಮಾನ ಹಕ್ಕೆಂಬ ವಾಕ್ಯವನ್ನು ನೂರಕ್ಕೆ 67ರಷ್ಟು ಮತಗಳಿಂದ ರಾಜ್ಯಾಂಗಕ್ಕೆ ಸೇರಿಸಿದ್ದರು. ಸವಿತೆಯ ಮರಣದ ನಂತರ, 2018ನೆಯ ಮೇ 25ರಂದು, ಬಹುಮಟ್ಟಿಗೆ ಅದೇ ಪ್ರಮಾಣದ ಮತಗಳಿಂದ, ಎಂದರೆ ನೂರಕ್ಕೆ 66ಕ್ಕೂ ಮೇಲ್ಪಟ್ಟು, ಅದನ್ನು ಕಿತ್ತುಹಾಕಿದರು. ಕಾಗದದ ಮೇಲೆ 'ಸಮಾನ' ಎಂದು ಬರೆಯುವುದು ಸುಲಭ. ಇಬ್ಬರಲ್ಲಿ ಒಬ್ಬರು ಉಳಿಯಲಾರರೆಂದು ನಿಶ್ಚಯವಾದ ರಾತ್ರಿ ಆ ಸಮಾನತೆಯನ್ನು ಆಚರಿಸುವುದು ಹೇಗೆಂಬುದನ್ನು ಬರೆದವರು ಯೋಚಿಸಿರಲಿಲ್ಲ.

ಇದೇ ಸವಿತೆ ತವರಿನಲ್ಲಿಯೇ ಇದ್ದಿದ್ದರೆ? ನಮ್ಮ 1971ರ ವೈದ್ಯಕೀಯ ಗರ್ಭಪಾತ ಕಾಯಿದೆಯ 5ನೆಯ ವಿಧಿಯ ಪ್ರಕಾರ, ತಾಯಿಯ ಪ್ರಾಣವನ್ನುಳಿಸಲು ಕೂಡಲೇ ಅವಶ್ಯವೆಂದು ಅರ್ಹ ವೈದ್ಯನೊಬ್ಬನು ಪ್ರಾಮಾಣಿಕವಾಗಿ ನಂಬಿದರೆ ಸಾಕು, ವಾರಗಳ ಲೆಕ್ಕವೇ ಅಡ್ಡಬರುವುದಿಲ್ಲ. ಈ ವಿಷಯದಲ್ಲಿ ನಮ್ಮ ದೇಶದ ಶಾಸನವು ಐರ್ಲೆಂಡಿನ ಶಾಸನಕ್ಕಿಂತ ನಾಲ್ಕು ದಶಕಗಳಷ್ಟು ಮುಂದಿತ್ತೆಂಬುದನ್ನು ಹೇಳಿಕೊಳ್ಳಲು ನಾವು ಸಂಕೋಚಪಡಬೇಕಾಗಿಲ್ಲ. ಅದಕ್ಕೆ ಮೊದಲು ಇದ್ದದ್ದು 1860ರ ದಂಡಸಂಹಿತೆ. ಅದರ 312ನೆಯ ಕಲಮು ಗರ್ಭ ತೆಗೆಯಿಸಿದವರಿಗೆ ಮೂರು ವರ್ಷ, ಮಗು ಹೊಟ್ಟೆಯಲ್ಲಿ ಮಿಸುಕಾಡಲು ತೊಡಗಿದ್ದರೆ ಏಳು ವರ್ಷ ಸೆರೆಮನೆ ವಿಧಿಸಿತ್ತು. ಸ್ವತಃ ಬಸುರಿಯೂ ಆ ಶಿಕ್ಷೆಗೆ ಹೊರತಾಗಿರಲಿಲ್ಲ. ಗುಟ್ಟಾಗಿ ಕಡ್ಡಿ, ಬೇರು, ಮದ್ದು ಎಂದು ಹೋಗಿ ಸತ್ತವರನ್ನು ಲೆಕ್ಕವಿಟ್ಟವರಾರು? 1964ರಲ್ಲಿ ನೇಮಕವಾದ ಶಾಂತಿಲಾಲ್ ಷಾ ಸಮಿತಿಯು ಈ ಅನಾಹುತವನ್ನು ಪರಿಶೀಲಿಸಿ 1966ರಲ್ಲಿ ವರದಿಯೊಪ್ಪಿಸಿತು. ಅದರ ಫಲವೇ 1971ರ ಕಾಯಿದೆ. ದಂಡಸಂಹಿತೆಯ ಆ ಕಲಮು ಈಗಲೂ ಸತ್ತಿಲ್ಲ. 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 88ನೆಯ ಕಲಮಾಗಿ ಕುಳಿತಿದೆ. ಅಂಕಿ ಬದಲಾಯಿತು, ಮಿಸುಕಾಟದ ಅಳತೆಗೋಲು ಬದಲಾಗಲಿಲ್ಲ.

ಮಿಸುಕಾಟ, ಎದೆಬಡಿತ, ನೋವು, ಹೊರಗೆ ಬಂದರೆ ಬದುಕಬಲ್ಲ ಶಕ್ತಿ: ಹೀಗೆ ಒಂದೊಂದು ಕಾಲದವರು ಒಂದೊಂದು ಗೆರೆಯನ್ನು ಎಳೆದಿದ್ದಾರೆ. ಇವುಗಳಲ್ಲಿ ನೋವಿನ ಗೆರೆಯು ಎಲ್ಲಕ್ಕಿಂತ ಮನಸ್ಸನ್ನು ಕಲಕುವಂತಹದು, ಮತ್ತು ಎಲ್ಲಕ್ಕಿಂತ ಅಸ್ಪಷ್ಟವಾದುದು.

ವೈದ್ಯರು ಹಿಂದೆ ಈ ವಿಷಯದಲ್ಲಿ ಕಠಿಣರಾಗಿದ್ದರೆಂಬುದು ಸುಳ್ಳಲ್ಲ. ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ನೋವು ಅಷ್ಟಾಗಿ ತಿಳಿಯದೆಂಬ ನಂಬಿಕೆಯಿಂದ, 1980ರ ದಶಕದವರೆಗೂ, ಅವುಗಳಿಗೆ ಸರಿಯಾದ ಅರಿವಳಿಕೆಯನ್ನೇ ಕೊಡದೆ ಶಸ್ತ್ರಚಿಕಿತ್ಸೆ ಮಾಡುವ ವಾಡಿಕೆಯಿತ್ತು. ಅದು ತಪ್ಪೆಂದು ತೋರಿಸಿಕೊಟ್ಟವರಲ್ಲಿ ಮುಖ್ಯರು ಭಾರತ ಮೂಲದ ವೈದ್ಯರಾದ ಡಾಕ್ಟರ್ ಕನ್ವಲ್‌ಜೀತ್ ಆನಂದ್ ಅವರು. ಅರಿವಳಿಕೆ ಸರಿಯಾಗಿ ಸಿಕ್ಕ ಕೂಸುಗಳು ಶಸ್ತ್ರಕ್ರಿಯೆಯ ಆಘಾತವನ್ನು ಹೆಚ್ಚು ಚೆನ್ನಾಗಿ ತಾಳಿಕೊಳ್ಳುವುವೆಂದು ಅವರು ಆಕ್ಸ್‌ಫರ್ಡಿನಲ್ಲಿ ಮಾಡಿದ ಪರಿಶೋಧನೆಯು 1987ರಲ್ಲಿ ಪ್ರಕಟವಾಯಿತು. ಲೋಕದ ಶಿಶುಗಳೆಲ್ಲ ಅವರಿಗೆ ಋಣಿಗಳು. ಅದೇ ಆನಂದರು 20 ವಾರಗಳ ಪಿಂಡಕ್ಕೂ ನೋವು ತಿಳಿಯಬಹುದೆಂದು ಅಮೆರಿಕೆಯ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದಾಗ ಗರ್ಭಪಾತ ವಿರೋಧಿಗಳಿಗೆ ಹೊಸ ಆಯುಧವೊಂದು ದೊರೆಯಿತು.

ಆದರೆ ಆ ಅಭಿಪ್ರಾಯವನ್ನು ಬಹುಸಂಖ್ಯೆಯ ತಜ್ಞರು ಒಪ್ಪಲಿಲ್ಲ. ಚುಚ್ಚಿದರೆ ಕೈ ಹಿಂದೆಗೆಯುವುದು ಬೇರೆ, ಚುಚ್ಚಿತೆಂದು ಅರಿಯುವುದು ಬೇರೆ. ಮೊದಲನೆಯದು ಬೆನ್ನುಹುರಿಯ ಕೆಲಸ. ಎರಡನೆಯದಕ್ಕೆ ಮಿದುಳಿನ ಹೊರಪದರದವರೆಗೆ ನರಗಳ ಹಾದಿ ಕೂಡಿರಬೇಕು. ಆ ಕೂಡಿಕೆಯು ಸುಮಾರು 24ನೆಯ ವಾರಕ್ಕೆ ಮೊದಲು ಆಗುವುದಿಲ್ಲವೆಂದು ಅವರ ವಾದ. ಇಂಗ್ಲೆಂಡಿನ ಪ್ರಸೂತಿ ವೈದ್ಯರ ರಾಯಲ್ ಕಾಲೇಜು 2022ರಲ್ಲಿ ಇನ್ನೂ ಮುಂದೆ ಹೋಗಿ, 28 ವಾರಗಳಿಗೆ ಮೊದಲು ನೋವಿನ ಅರಿವಿರುವ ಸಂಭವ ಕಡಮೆಯೆಂದು ಹೇಳಿತು. ಇದಕ್ಕೆ ಪ್ರತಿಯಾಗಿ, ಗರ್ಭಪಾತದ ಹಕ್ಕನ್ನು ಒಪ್ಪುವ ಒಬ್ಬರೂ ಒಪ್ಪದ ಒಬ್ಬರೂ ಕೂಡಿ 2020ರಲ್ಲಿ ಬರೆದ ಪ್ರಬಂಧವೊಂದು, ಇನ್ನೂ ಬಹಳ ಮೊದಲೇ ಒಂದು ಬಗೆಯ ನೋವು ಇರಬಹುದೆಂದು ವಾದಿಸಿತು. ಪಂಡಿತರಲ್ಲಿಯೇ ಇಷ್ಟು ಅಂತರವಿರುವಾಗ ಶಾಸನಸಭೆಯು ಕೈಯೆತ್ತಿ ಮತವೆಣಿಸಿ ನೋವಿನ ತಿಥಿಯನ್ನು ಗೊತ್ತುಮಾಡುವುದು ಪಂಚಾಂಗದವರೂ ಮಾಡದ ಸಾಹಸ.

ನಮ್ಮ ಶಾಸ್ತ್ರಗಳಲ್ಲಿಯೇ ಇದೆಯೆಂದು ಎದ್ದು ನಿಲ್ಲುವ ಮಹನೀಯರೂ ಉಂಟು. ಇರುವುದು ದಿಟ. ಮೂರನೆಯ ತಿಂಗಳಲ್ಲಿ ಇಂದ್ರಿಯಗಳು ಮೂಡುವಾಗಲೇ ಸುಖದುಃಖಗಳ ವೇದನೆಯೂ ಗರ್ಭಕ್ಕೆ ಕೂಡುವುದೆಂದು ಚರಕಸಂಹಿತೆಯ ಶಾರೀರಸ್ಥಾನವು ಹೇಳುತ್ತದೆ. ನಾಲ್ಕನೆಯ ತಿಂಗಳಲ್ಲಿ ಹೃದಯವು ವ್ಯಕ್ತವಾಗಿ ತಾಯಿಯು ಎರಡು ಹೃದಯದವಳಾಗುವಳೆಂದು ಸುಶ್ರುತರ ಮತ. ಆದರೆ ಅಲ್ಲಿಂದ ಆ ಆಚಾರ್ಯರು ತೆಗೆದ ತೀರ್ಮಾನವೇನು? ಬಸುರಿಯ ಬಯಕೆಯನ್ನು ಕಡೆಗಣಿಸಬಾರದು, ಅವಳ ಮನಸ್ಸನ್ನು ನೋಯಿಸಬಾರದು ಎಂದು. ಎರಡು ಹೃದಯಗಳಲ್ಲಿ ಒಂದನ್ನು ಮಾತ್ರ ಎಣಿಸುವವರು ಶ್ಲೋಕದ ಅರ್ಧವನ್ನು ಓದಿ ಪುಸ್ತಕ ಮುಚ್ಚಿದವರು.

ಈಗ ನಮ್ಮ ದೇಶದ ವಾದಕ್ಕೆ ಬರೋಣ. 1971ರಲ್ಲಿ 20 ವಾರಗಳ ಮಿತಿಯಿತ್ತು. ಗರ್ಭದ ಅಂಗದೋಷಗಳನ್ನು ಕಾಣುವ ಸ್ಕ್ಯಾನಿಂಗ್ ನಡೆಯುವುದೇ 18ರಿಂದ 20ನೆಯ ವಾರದಲ್ಲಿ. ದೋಷ ಕಂಡ ದಿನವೇ ಬಾಗಿಲೂ ಮುಚ್ಚುತ್ತಿತ್ತು. 2008ರಲ್ಲಿ ಮುಂಬಯಿಯ ದಂಪತಿಗಳು ಇದೇ ಸಂಕಟದಿಂದ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿ ಬರಿಗೈಯಲ್ಲಿ ಹಿಂತಿರುಗಿದರು. ಅಂದಿನಿಂದ ನಡೆದ ಚರ್ಚೆಯ ಫಲವಾಗಿ 2021ರ ತಿದ್ದುಪಡಿಯು, ಕೆಲವು ವರ್ಗದ ಸ್ತ್ರೀಯರಿಗೆ ಇಬ್ಬರು ವೈದ್ಯರ ಒಪ್ಪಿಗೆಯ ಮೇಲೆ ಮಿತಿಯನ್ನು 24 ವಾರಗಳಿಗೆ ಏರಿಸಿತು. ತೀವ್ರ ಅಂಗದೋಷಗಳ ವಿಷಯದಲ್ಲಿ ವೈದ್ಯಮಂಡಲಿಯ ಒಪ್ಪಿಗೆಯಿದ್ದರೆ ಮಿತಿಯಿಲ್ಲವೆಂದಿತು. ಅವಿವಾಹಿತೆಯರೂ ಆ ವರ್ಗಗಳಲ್ಲಿ ಸೇರುವರೆಂದು 2022ನೆಯ ಸೆಪ್ಟೆಂಬರ್ 29ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು.

ಮರುವರ್ಷವೇ ಅದೇ ನ್ಯಾಯಾಲಯಕ್ಕೆ ಕಠಿಣವಾದ ಪರೀಕ್ಷೆ ಬಂದಿತು. ಎರಡು ಮಕ್ಕಳ ತಾಯಿ, ಹಿಂದಿನ ಹೆರಿಗೆಯ ನಂತರ ಮಾನಸಿಕ ಕಾಯಿಲೆಗೆ ಔಷಧ ಸೇವಿಸುತ್ತಿದ್ದವಳು, ಹಾಲೂಡಿಸುವ ಕಾಲದಲ್ಲಿ ಮುಟ್ಟು ನಿಂತಿದ್ದರಿಂದ ಬಸುರೆಂದೇ ತಿಳಿಯದೆ 24 ವಾರಗಳನ್ನು ದಾಟಿದ್ದಳು. 2023ನೆಯ ಅಕ್ಟೋಬರ್ 9ರಂದು ಇಬ್ಬರು ನ್ಯಾಯಾಧೀಶೆಯರು ಅನುಮತಿಯಿತ್ತರು. ಶಿಶುವು ಬದುಕಬಲ್ಲದು, ಅದರ ಎದೆಬಡಿತವನ್ನು ನಿಲ್ಲಿಸಬೇಕೇ ಎಂದು ವೈದ್ಯರು ಕೇಳಿದೊಡನೆ ಪೀಠವು ಇಬ್ಭಾಗವಾಯಿತು. ಎದೆಬಡಿತವನ್ನು ನಿಲ್ಲಿಸೆಂದು ಹೇಳಲು ನ್ಯಾಯಮೂರ್ತಿ ಹಿಮಾ ಕೊಹ್ಲಿಯವರ ಮನಸ್ಸೊಪ್ಪಲಿಲ್ಲ. ನಮ್ಮ ಕನ್ನಡನಾಡಿನವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರು, ಆ ತಾಯಿಯ ದೃಢವಾದ ನಿರ್ಧಾರವನ್ನೇ ಗೌರವಿಸಬೇಕೆಂದರು. ಅಕ್ಟೋಬರ್ 16ರಂದು ಮೂವರ ಪೀಠವು ಅನುಮತಿಯನ್ನು ನಿರಾಕರಿಸಿತು. ಕಾಯಿದೆಯ ಅಕ್ಷರಕ್ಕೆ ಆ ತೀರ್ಪು ಸರಿಯಾಗಿದ್ದಿರಬಹುದು. ಆದರೂ ನಮ್ಮ ಮನಸ್ಸು ನಾಗರತ್ನ ಅವರ ಕಡೆಗಿದೆ. ಹೊರುವವಳೂ ಹೆರುವವಳೂ ಸಾಕುವವಳೂ ಒಬ್ಬಳೇ ಆಗಿರುವಾಗ ಅವಳ ಮಾತಿಗೆ ಕಡೆಯ ಸ್ಥಾನವೆಂಬುದನ್ನು ನಾವು ಒಪ್ಪಲಾರೆವು.

ಹಾಗೆಂದು ಗರ್ಭದ ಪಕ್ಷ ವಹಿಸುವವರನ್ನು ನಾವು ಹಳಿಯುವುದಿಲ್ಲ. ಆರು ತಿಂಗಳ ಗರ್ಭವನ್ನು ಕುರಿತು ಮನಸ್ಸು ಅಳುಕದವನು ಮನುಷ್ಯನೇ ಅಲ್ಲ. ನೋವಿನ ಶಂಕೆಯಿದ್ದರೆ ಅರಿವಳಿಕೆ ಕೊಡಲಿ, ಅದು ವೈದ್ಯಧರ್ಮ. ಶಂಕೆಯನ್ನೇ ನಿಷೇಧದ ಗೋಡೆಯಾಗಿ ಕಟ್ಟಿ, ಅದರಾಚೆ ನಿಂತ ಹೆಂಗಸಿನ ನಿಸ್ಸಂದೇಹವಾದ ನೋವನ್ನು ಕಾಣದಿರುವುದಕ್ಕೆ ಮಾತ್ರ ನಮ್ಮ ಆಕ್ಷೇಪಣೆ.

ಮತ್ತೊಂದು ಗೊಂದಲವನ್ನೂ ಇಲ್ಲಿ ಬಿಡಿಸಬೇಕು. 2023ರ ಕೊನೆಯಲ್ಲಿ ಬೆಂಗಳೂರಿನ ಪೋಲೀಸರು ಹೊರಗೆಡವಿದ ಹೆಣ್ಣು ಭ್ರೂಣಹತ್ಯೆಯ ಜಾಲವು, ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ನಡೆದ ಪಾತಕವು, ನಾಡನ್ನೇ ತಲೆತಗ್ಗಿಸುವಂತೆ ಮಾಡಿತು. ಅದನ್ನು ದಂಡಿಸಲು 1994ರ ಲಿಂಗಪತ್ತೆ ನಿಷೇಧದ ಕಾಯಿದೆಯಿದೆ, ನಿರ್ದಾಕ್ಷಿಣ್ಯವಾಗಿ ದಂಡಿಸಲಿ. ಆದರೆ ಹೆಣ್ಣೆಂಬ ಒಂದೇ ಕಾರಣಕ್ಕೆ ಮನೆಮಂದಿ ಬಲಾತ್ಕರಿಸಿ ತೆಗೆಯಿಸುವುದಕ್ಕೂ, ಬಸುರಿಯು ತಾನೇ ಬಂದು ಕಾಯಿದೆಯಂತೆ ಕೇಳುವುದಕ್ಕೂ ಒಂದೇ ಹೆಸರಿಟ್ಟು ಕರೆದರೆ, ಕಳ್ಳನು ತಪ್ಪಿಸಿಕೊಂಡು ಸಾಧುವಾದ ವೈದ್ಯನು ಹೆದರಿ ಬಾಗಿಲು ಹಾಕಿಕೊಳ್ಳುವನು.

ಕೋಲಾರ ತಾಲೂಕಿನ ಕ್ಯಾಲನೂರಿನಂತಹ ಊರಿನಲ್ಲಿ ನಿಂತು ನೋಡಿದರೆ ಈ ವಾರಗಳ ಲೆಕ್ಕವು ದಿಲ್ಲಿಯಲ್ಲಿ ಕಾಣುವಂತೆ ಕಾಣುವುದಿಲ್ಲ. ರೇಷ್ಮೆಹುಳುವಿಗೆ ಸೊಪ್ಪು ಹಾಕಿ, ಟೊಮೇಟೊ ಕೊಯ್ದು, ಹಸುವಿನ ಹಾಲು ಕರೆದು ಡೈರಿಗೆ ಹಾಕುವ ಹೆಂಗಸು ತಾನು ಬಸುರಿಯೆಂದು ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡು ಮಾಡಿಸಿಕೊಳ್ಳುವುದಕ್ಕೇ ಎಷ್ಟೋ ವೇಳೆ ನಾಲ್ಕು ತಿಂಗಳಾಗುತ್ತದೆ. ಮೋಸಹೋದ ಹುಡುಗಿಯಾದರೆ ಸೆರಗಿನಲ್ಲಿ ಮುಚ್ಚಿಟ್ಟು ಐದು ಕಳೆಯುತ್ತಾಳೆ. ದೊಡ್ಡ ಸ್ಕ್ಯಾನಿಂಗಿಗೆ ಕೋಲಾರದ ನರಸಿಂಹರಾಜ ಆಸ್ಪತ್ರೆಗೋ ಟಮಕದ ವೈದ್ಯಕೀಯ ಕಾಲೇಜಿಗೋ ಒಂದು ದಿನದ ಕೂಲಿ ಬಿಟ್ಟು ಹೋಗಬೇಕು. ಫಲಿತಾಂಶಕ್ಕೆ ಮತ್ತೊಂದು ದಿನ. ದೋಷ ಕಂಡು 24 ವಾರ ಮೀರಿದ್ದರೆ ವೈದ್ಯಮಂಡಲಿ. ಮಂಡಲಿಯು ಮೂರು ದಿನಗಳಲ್ಲಿ ಅಭಿಪ್ರಾಯ ಹೇಳಬೇಕೆಂದು 2021ರ ನಿಯಮಗಳಲ್ಲಿದೆ. ಅರ್ಜಿ ಬರೆಯುವವರಾರು, ಅದನ್ನು ಮಂಡಲಿಯವರೆಗೆ ಮುಟ್ಟಿಸುವವರಾರು ಎಂಬುದು ಯಾವ ನಿಯಮದಲ್ಲಿಯೂ ಇಲ್ಲ. ಕಾಯಿದೆಯು ಹೇಳುವುದು ರಾಜ್ಯಕ್ಕೊಂದು ಮಂಡಲಿಯೆಂದು. ಮುಳಬಾಗಿಲಿನ ಗಡಿಹಳ್ಳಿಯ ಬಸುರಿಗೆ ರಾಜಧಾನಿಯು ನೂರು ಕಿಲೋಮೀಟರಿನಾಚೆ.

ಆದುದರಿಂದ ಪಿಂಡದ ನರತಂತುಗಳನ್ನು ಕುರಿತು ಭಾಷಣ ಮಾಡುವುದಕ್ಕೆ ಮೊದಲು ನಮ್ಮ ಜಿಲ್ಲೆಯ ಶಾಸಕರು ಆರೋಗ್ಯ ಸಚಿವರನ್ನು ಮೂರು ಪ್ರಶ್ನೆ ಕೇಳಲಿ. ಜಿಲ್ಲಾ ಆಸ್ಪತ್ರೆಯಲ್ಲಿಯೇ ಮಂಡಲಿಯ ಬೈಠಕ್ಕು ವಾರಕ್ಕೊಮ್ಮೆಯಾದರೂ ನಡೆಯುವಂತೆ ಆಜ್ಞೆ ಮಾಡುವಿರಾ? ಪ್ರತಿಯೊಬ್ಬ ಬಸುರಿಗೂ 20ನೆಯ ವಾರದೊಳಗೆ ಆ ಸ್ಕ್ಯಾನಿಂಗು ಆಗುವಂತೆ, ಬಸ್ಸಿನ ಖರ್ಚು ಸಹಿತ, ಏರ್ಪಾಡು ಮಾಡುವಿರಾ? ಮಾತ್ರೆಯಿಂದಲೇ ಮುಗಿಯಬಹುದಾದ ಮೊದಲ ವಾರಗಳಲ್ಲಿ, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಅರ್ಹರಾದ ವೈದ್ಯರು ವಾರದ ಯಾವ ಯಾವ ದಿನ ಸಿಕ್ಕುವರೆಂದು ಬಾಗಿಲ ಮೇಲೆ ಕನ್ನಡದಲ್ಲಿ ಬರೆಯಿಸಿ ಹಾಕುವಿರಾ?